ಅವಾಜ್ ಇಳೀತಂದ್ರ ಸ್ಪೀಕರ್ ಹೋಯ್ತು ಅಂತಲ್ಲ

ನಮ್ಮ ಕಲಬುರಗಿ ಜಿಲ್ಲೆಯ ಆಳಂದ ಇರಲಿ, ಅಫಜಲಪುರ ಇರಲಿ, ಜೇವರ್ಗಿ ಇರಲಿ, ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಅಣ್ಣಾ, ಹಾಡ ಹಚ್ಚಿದ್ರ ನಡುಕ ಅವಾಜ್ ತಾನೇ ಕಮ್ಮಿ ಆಗ್ಲಕತ್ತದ. ಸ್ಪೀಕರ್ ಹೋಗ್ಯಾದೇನ್ ನೋಡ್ರಿ." ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಾಗಿರುತ್ತದೆ. ಸ್ಪೀಕರ್ ಹಾಳಾಗಿದೆ, ಬದಲಾಯಿಸಬೇಕು, ಇಲ್ಲವೇ ಫೋನೇ ಮುದಿಯಾಗಿದೆ.

ಹಾಳಾದ ಸ್ಪೀಕರಿಗೆ ಒಂದು ಗುಣ ಇದೆ. ಅದು ಗೊರಗೊರ ಅನ್ನುತ್ತದೆ, ಒಡಕು ದನಿ ಕೊಡುತ್ತದೆ, ಅಥವಾ ಪೂರ್ತಿ ಮೂಕವಾಗುತ್ತದೆ. ಹಾಡಿನ ನಡುವೆ ಸದ್ದು ಮೆತ್ತಗೆ ಇಳಿದು ಮತ್ತೆ ಏರುವುದು, ಪರದೆಯ ಮೇಲಿನ ವಾಲ್ಯೂಮ್ ಗೆರೆಯೇ ಕೆಳಗೆ ಬಂದುಬಿಡುವುದು, ಒಂದು ಹಾಡು ಜೋರು ಇನ್ನೊಂದು ಸಣ್ಣ ಆಗುವುದು, ಇವು ಬಹುಪಾಲು ತಂತ್ರಾಂಶ ಮಾಡುವ ಕೆಲಸಗಳು. ಹೀಗಾಗಿ ಅಂಗಡಿಗೆ ಹೋಗುವ ಮೊದಲು ಒಂದೇ ಪ್ರಶ್ನೆ ಹಾಕಿಕೊಳ್ಳಬೇಕು: ಅವಾಜ್ ಇಳಿದದ್ದು ಯಾವ ಗಳಿಗೆಯಲ್ಲಿ? ಮೆಸೇಜ್ ಬಂದಾಗಲೋ, ಇಯರ್‌ಫೋನ್ ಚುಚ್ಚಿದಾಗಲೋ, ಬಿಸಿಲಿನಲ್ಲೋ, ಹಾಡು ಬದಲಾದಾಗಲೋ? ಕಾರಣ ಅರ್ಧ ಅಲ್ಲೇ ಸಿಗುತ್ತದೆ.

"ಅಪ್‌ಡೇಟ್ ಹಾಕಿದ ಮ್ಯಾಗ ಕಂಪನಿಯವರೇ ಅವಾಜ್ ಇಳಿಸ್ಯಾರ, ಹೊಸಾ ಫೋನ್ ಕೊಳ್ಳಲಿ ಅಂತ." ಈ ಮಾತು ಬಹಳ ಮಂದಿ ನಂಬಿದ್ದಾರೆ. ಇದರಲ್ಲಿ ಒಂದು ಸಣ್ಣ ನಿಜ ಅಡಗಿದೆ: ಇಳಿಸುವುದು ಫೋನೇ. ಆದರೆ ಕಾರಣ ಕಿವಿಯದು. ಯುರೋಪಿನ ಸುರಕ್ಷತಾ ನಿಯಮ 2013ರಿಂದ ಒಂದು ಮಿತಿ ಹಾಕಿದೆ. ಇಯರ್‌ಫೋನಿನಲ್ಲಿ ಸದ್ದು 85 ಡೆಸಿಬೆಲ್ ಮಟ್ಟ ದಾಟುವಾಗ ಫೋನು ಎಚ್ಚರಿಕೆ ಕೊಡಬೇಕು, ಹಾಗೆ ಜೋರಾಗಿ ಕೇಳಿದ ಹೊತ್ತು ಒಟ್ಟು 20 ಗಂಟೆ ತುಂಬಿದರೆ ಮತ್ತೆ ಬಳಸುವವರ ಒಪ್ಪಿಗೆ ಪಡೆಯಬೇಕು. ಇದೇ ಲೆಕ್ಕ ಆಂಡ್ರಾಯ್ಡಿನ ಒಳಗೆ ಸೇರಿತು. ಆ ಮಿತಿ ತುಂಬಿದ ಗಳಿಗೆ ಅನೇಕ ಫೋನುಗಳು ವಾಲ್ಯೂಮನ್ನು ತಾವಾಗಿ ಸುರಕ್ಷಿತ ಮಟ್ಟಕ್ಕೆ ತರುತ್ತವೆ. ಮತ್ತೆ ಏರಿಸಲು ಹೋದಾಗ "ಹೆಚ್ಚು ಹೊತ್ತು ಜೋರಾಗಿ ಕೇಳಿದರೆ ಕಿವಿಗೆ ಹಾನಿ" ಎಂಬ ಅರ್ಥದ ಚೌಕ ಮೂಡುತ್ತದೆ. ಜೇಬಿನಲ್ಲಿ ಫೋನ್ ಇಟ್ಟುಕೊಂಡು ಹೊಲದಲ್ಲಿ ಕೆಲಸ ಮಾಡುವವರಿಗೆ ಆ ಚೌಕ ಕಾಣುವುದಿಲ್ಲ. ಅವರಿಗೆ ಗೊತ್ತಾಗುವುದು ಇಷ್ಟೇ, ಹಾಡು ನಡುವೆ ಸಣ್ಣಗಾಯಿತು. ಐಫೋನಿನಲ್ಲಿ ಏಳು ದಿನಗಳ ಲೆಕ್ಕ ಇದೆ, ಮಿತಿ ತಲುಪಿದರೆ ಅದೂ ತಿಳಿಸಿ ಸದ್ದು ಇಳಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 100 ಡೆಸಿಬೆಲ್ ಮುಟ್ಟಿದರೆ ಇಡೀ ವಾರಕ್ಕೆ ಉಳಿಯುವುದು ಸುಮಾರು 20 ನಿಮಿಷ. ಒಳಕಿವಿಯ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಟ್ರ್ಯಾಕ್ಟರ್ ಓಡಿಸುವ ಹುಡುಗರು ಇಂಜಿನ್ನಿನ ಸದ್ದು ಮುಚ್ಚಲು ಇಯರ್‌ಫೋನನ್ನು ತುದಿಯವರೆಗೆ ಏರಿಸುತ್ತಾರೆ. ಅವರಿಗೆ ಈ ಎಚ್ಚರಿಕೆಯನ್ನು ಆಫ್ ಮಾಡುವ ದಾರಿ ಹೇಳಿಕೊಡುವುದು ನನ್ನ ದೃಷ್ಟಿಯಲ್ಲಿ ಉಪಕಾರ ಅಲ್ಲ.

ಒಂದು ಕಡೆ ಮಾತ್ರ ಈ ಕಾವಲು ನಿಜವಾಗಿಯೂ ಅಡ್ಡ ಬರುತ್ತದೆ. ಭಜನಾ ಮಂಡಳಿಯವರು ಫೋನಿನಿಂದ ವೈರ್ ಎಳೆದು ಆಂಪ್ಲಿಫೈಯರಿಗೆ ಕೊಡುತ್ತಾರೆ. ತೂತಿಗೆ ಪಿನ್ ಬಿದ್ದಿದೆ ಎಂಬುದಷ್ಟೇ ಫೋನಿಗೆ ಗೊತ್ತು, ಆಚೆ ತುದಿಯಲ್ಲಿ ಕಿವಿ ಇದೆಯೋ ಗುಡಿಯ ಮೇಲಿನ ಹಾರ್ನ್ ಇದೆಯೋ ಅದಕ್ಕೆ ತಿಳಿಯದು. ಕಿವಿ ಎಂದೇ ಲೆಕ್ಕ ಹಾಕಿ ಇಳಿಸುತ್ತದೆ. ಆಗ ಫೋನಿನ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಉಳಿದದ್ದನ್ನು ಆಂಪ್ಲಿಫೈಯರಿನ ಗುಂಡಿಯಿಂದ ಏರಿಸಬೇಕು. ಬ್ಲೂಟೂತ್ ಸ್ಪೀಕರ್ ಪೆಟ್ಟಿಗೆಗೂ ಇದೇ ಗೊಂದಲ. ಐಫೋನಿನಲ್ಲೂ ಹೊಸ ಆಂಡ್ರಾಯ್ಡ್ ಫೋನುಗಳಲ್ಲೂ ಬ್ಲೂಟೂತ್ ಪಟ್ಟಿಯೊಳಗೆ ಆ ಸಾಧನದ ಹೆಸರಿನ ಪಕ್ಕ ಒತ್ತಿದರೆ ಅದು ಹೆಡ್‌ಫೋನೋ, ಸ್ಪೀಕರೋ, ಕಾರೋ ಎಂದು ಗುರುತಿಸಲು ಜಾಗ ಇರುತ್ತದೆ. ಸ್ಪೀಕರ್ ಎಂದು ಗುರುತಿಸಿದರೆ ಈ ಕಾಟ ತಪ್ಪುತ್ತದೆ.

"ಬ್ಲೂಟೂತ್ ಪೆಟ್ಟಿಗಿ ಡುಪ್ಲಿಕೇಟ್ ಅದ, ಅದಕ್ಕ ಅವಾಜ್ ಇಲ್ಲ." ಇರಬಹುದು. ಆದರೆ ಮೊದಲು ನೋಡಬೇಕಾದ್ದು, ಎರಡೂ ಕಡೆಯ ವಾಲ್ಯೂಮ್. ಕೆಲವು ಪೆಟ್ಟಿಗೆಗಳಲ್ಲಿ ಫೋನಿನ ಗುಂಡಿಯೂ ಪೆಟ್ಟಿಗೆಯ ಗುಂಡಿಯೂ ಒಂದೇ ಸೂತ್ರಕ್ಕೆ ಕಟ್ಟಿರುತ್ತವೆ, ಕೆಲವಲ್ಲಿ ಬೇರೆ ಬೇರೆ. ಕಟ್ಟು ಸರಿಯಾಗಿ ಕೂರದಿದ್ದರೆ ಫೋನು ತುದಿ ಮುಟ್ಟಿದರೂ ಪೆಟ್ಟಿಗೆ ಅರ್ಧದಲ್ಲೇ ನಿಂತಿರುತ್ತದೆ. ಆಂಡ್ರಾಯ್ಡಿನ ಡೆವಲಪರ್ ಆಪ್ಷನ್ಸ್ ಒಳಗೆ "ಡಿಸೇಬಲ್ ಅಬ್ಸೊಲ್ಯೂಟ್ ವಾಲ್ಯೂಮ್" ಎಂಬುದನ್ನು ಹಚ್ಚಿ ಮತ್ತೆ ಜೋಡಿಸಿದರೆ ಎರಡೂ ಬೇರೆಯಾಗುತ್ತವೆ. ಇನ್ನೊಂದು: ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಕೇಳುತ್ತಿರುವಾಗ ಯಾವುದಾದರೂ ಆ್ಯಪ್ ಮೈಕ್ ತೆರೆದರೆ, ಇಡೀ ಸಂಪರ್ಕ ಕರೆಯ ಮಟ್ಟಕ್ಕೆ ಇಳಿಯಬಹುದು. ಹಾಡು ಆಗ ಫೋನ್ ಕರೆಯ ದನಿಯಂತೆ ತೆಳುವಾಗಿ ಕೇಳುತ್ತದೆ. ಮೈಕ್ ಮುಚ್ಚಿದರೆ ಮರಳುತ್ತದೆ.

ಅಫಜಲಪುರದಿಂದ ಗಾಣಗಾಪುರದ ದತ್ತನ ದರ್ಶನಕ್ಕೋ ಘತ್ತರಗಿ ಭಾಗ್ಯವಂತಿ ಗುಡಿಗೋ ಕಾರಿನಲ್ಲಿ ಹೊರಟವರ ದೂರು ಬೇರೆ. ತಿರುವು ಬಂದಾಗಲೆಲ್ಲ ಹಾಡು ಮುದುಡುತ್ತದೆ. ಅದು ದಾರಿ ಹೇಳುವ ಮ್ಯಾಪಿನ ದನಿಗೆ ಹಾಡು ಜಾಗ ಬಿಟ್ಟುಕೊಡುವ ಕ್ರಮ. 2017ರ ಆಂಡ್ರಾಯ್ಡ್ 8ರಿಂದ ಇದನ್ನು ವ್ಯವಸ್ಥೆಯೇ ನೋಡಿಕೊಳ್ಳುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಟಿಂಗ್ ಟಿಂಗ್‌ಗೂ ಇದೇ ಮರ್ಯಾದೆ. ಗುಂಪುಗಳನ್ನು ಮ್ಯೂಟ್ ಮಾಡಿದರೆ ಅಥವಾ ಹಾಡು ಕೇಳುವಾಗ ಡು ನಾಟ್ ಡಿಸ್ಟರ್ಬ್ ಹಚ್ಚಿದರೆ ಮುಗಿಯಿತು.

"ಫಾರ್ವರ್ಡ್ ಮಾಡಿ ಮಾಡಿ ಹಾಡು ಸವದದ." ಕ್ಯಾಸೆಟ್ಟಿನ ಕಾಲದಲ್ಲಿ ಇದು ಅಪ್ಪಟ ಸತ್ಯವಾಗಿತ್ತು. ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಇಳಿಸಿದಷ್ಟೂ ಸಿಳ್ಳು ಹೆಚ್ಚಾಗಿ ದನಿ ಮಸುಕಾಗುತ್ತಿತ್ತು. ಡಿಜಿಟಲ್ ಫೈಲು ನಕಲಾಗುವುದರಿಂದ ಸವೆಯುವುದಿಲ್ಲ, ಎಷ್ಟು ಸಲ ನುಡಿಸಿದರೂ ಅದರ ಸದ್ದು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಮೆಮೊರಿ ಕಾರ್ಡಿನಲ್ಲಿ ಒಂದು ಹಾಡು ಅಬ್ಬರಿಸಿ ಮುಂದಿನದು ಪಿಸುಗುಟ್ಟುವುದಕ್ಕೆ ಕಾರಣ ಅವನ್ನು ತಯಾರಿಸಿದ ಮಟ್ಟ. ಈಗಿನ ಸಿನಿಮಾ ಹಾಡುಗಳನ್ನು ಒತ್ತಿ ಹಿಂಡಿ ಜೋರಾಗಿ ಮಾಡಿರುತ್ತಾರೆ, ಹಳೆಯ ಧ್ವನಿಸುರುಳಿಯಿಂದ ಇಳಿಸಿದ್ದು ಮೂಲದಲ್ಲೇ ಸಣ್ಣ. ಸ್ಪಾಟಿಫೈನಂಥ ಆ್ಯಪ್‌ಗಳು ಎಲ್ಲವನ್ನೂ ಒಂದು ಗುರುತಿಗೆ ತರಲು ನೋಡುತ್ತವೆ, ಯೂಟ್ಯೂಬು ಜೋರಿನದನ್ನು ಇಳಿಸುತ್ತದೆ, ಸಣ್ಣದನ್ನು ಏರಿಸುವುದಿಲ್ಲ. ಹೀಗಾಗಿ ಒಂದೇ ಹಾಡು ಎರಡು ಆ್ಯಪಿನಲ್ಲಿ ಎರಡು ಬಗೆ ಕೇಳುವುದು ಸಹಜ.

ನಮ್ಮ ಭಾಗದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದ ಕಡಕೋಳ ತತ್ವಪದಕಾರ ಮಡಿವಾಳಪ್ಪನವರ ನೆಲ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಬರೂ ಒಬ್ಬರು. ಅವರೆಲ್ಲರ ತತ್ವಪದಗಳು ಇಂದಿಗೂ ರಾತ್ರಿಯಿಡೀ ಭಜನೆಗಳಲ್ಲಿ ಹಾಡಿನ ರೂಪದಲ್ಲೇ ಬದುಕಿವೆ. ಈಗ ಆ ಭಜನೆಗಳನ್ನು ಹಿಡಿದಿಡುವ ಸಾಧನ ಬಹುಮಟ್ಟಿಗೆ ಜೇಬಿನ ಫೋನೇ. ಹಾಗೆ ಹಿಡಿದ ದನಿಯನ್ನು ಮನೆಯಲ್ಲಿ ಕೇಳಿದರೆ, ದಮ್ಮಡಿಯ ಪೆಟ್ಟು ಬಿದ್ದ ತಕ್ಷಣ ಹಾಡುವವರ ದನಿ ಮುಳುಗುತ್ತದೆ, ಅರೆಗಳಿಗೆ ಬಿಟ್ಟು ತೇಲಿಬರುತ್ತದೆ. "ನನ್ನ ಫೋನಿನ ಅವಾಜ್ ಏರಿಳಿತಾದ" ಎಂದು ಸ್ಪೀಕರ್ ಬದಲಾಯಿಸಲು ಹೋಗುವವರಿಗೆ ಹೇಳಬೇಕಾದ್ದು: ಆ ಏರಿಳಿತ ಫೈಲಿನ ಒಳಗೇ ಕೂತಿದೆ. ಯಾವ ಫೋನಿನಲ್ಲಿ ಹಚ್ಚಿದರೂ ಅದೇ ಜಾಗದಲ್ಲಿ ಇಳಿಯುತ್ತದೆ.

ಕಾರಣ ಹೀಗೆ. ಫೋನಿನ ಮೈಕ್ ಹಿಂದೆ ದನಿಯ ಮಟ್ಟವನ್ನು (ಗೇನ್) ತಾನಾಗಿ ಹೊಂದಿಸುವ ವ್ಯವಸ್ಥೆ ಇರುತ್ತದೆ. ಮಾತಿಗಾಗಿ ಮಾಡಿದ್ದು ಅದು. ದೊಡ್ಡ ಸದ್ದು ಬಡಿದರೆ ಥಟ್ಟನೆ ತಗ್ಗಿಸುತ್ತದೆ, ಮೌನ ಬಂದರೆ ನಿಧಾನ ಏರಿಸುತ್ತದೆ. ದಮ್ಮಡಿ, ತಾಳದ ಪೆಟ್ಟು ಅದನ್ನು ಪ್ರತಿ ಆವರ್ತಕ್ಕೂ ಕುಗ್ಗಿಸುತ್ತದೆ, ಹಾಡಿನ ಜೀವವಾದ ನುಡಿ ಅದರಡಿ ನಲುಗುತ್ತದೆ. ಹಿಡಿದಾದ ಮೇಲೆ ಇದನ್ನು ಪೂರ್ತಿ ಸರಿಪಡಿಸಲಾಗದು, ಹಿಡಿಯುವಾಗಲೇ ತಡೆಯಬೇಕು. ಫೋನನ್ನು ದಮ್ಮಡಿಯಿಂದ ದೂರ, ಹಾಡುವವರ ಬಾಯಿಗೆ ಹತ್ತಿರ, ಒಂದು ಮೊಳದಷ್ಟರಲ್ಲಿ ಮೆತ್ತನೆ ಬಟ್ಟೆಯ ಮೇಲಿಡಬೇಕು. ಧ್ವನಿವರ್ಧಕದ ಎದುರಿಗಂತೂ ಇಡಲೇಬಾರದು. ರೆಕಾರ್ಡರ್ ಆ್ಯಪಿನ ಸೆಟ್ಟಿಂಗಿನಲ್ಲಿ ಆಟೊ ಗೇನ್, ನಾಯ್ಸ್ ರಿಡಕ್ಷನ್ ಎಂಬವು ಇದ್ದರೆ ಎರಡನ್ನೂ ಆರಿಸಿ, ಮಟ್ಟವನ್ನು ಕೈಯಾರೆ ಸ್ವಲ್ಪ ಕಡಿಮೆಗೇ ಇಡುವುದು ಲೇಸು. ಸಣ್ಣ ದನಿಯ ಧ್ವನಿಮುದ್ರಣವನ್ನು ಆಮೇಲೆ ಏರಿಸಬಹುದು, ಹರಿದದ್ದನ್ನು ಹೊಲಿಯಲಾಗದು. ಹಿರಿಯ ಹಾಡುಗಾರರು ಒಬ್ಬೊಬ್ಬರಾಗಿ ಹೋಗುತ್ತಿರುವಾಗ ಈ ಸಣ್ಣ ಎಚ್ಚರಿಕೆಯನ್ನು ಪ್ರತಿ ಮಂಡಳಿಯೂ ಪಾಲಿಸಲಿ ಎಂಬುದು ನನ್ನ ಬೇಡಿಕೆ.

"ಬೂಸ್ಟರ್ ಆ್ಯಪ್ ಹಾಕ್ಕೊಂಡ್ರ ಡಬ್ಬಲ್ ಅವಾಜ್." ಮೇಲೆ ಹೇಳಿದಂಥ ಸಣ್ಣ ದನಿಯ ಫೈಲಿಗೆ ಅದು ಸ್ವಲ್ಪ ಉಪಯೋಗಕ್ಕೆ ಬಂದೀತು. ಮೊದಲೇ ಜೋರಾಗಿರುವ ಹಾಡಿಗೆ ಬರುವುದಿಲ್ಲ. ಡಿಜಿಟಲ್ ಸದ್ದಿಗೆ ಒಂದು ಚಾವಣಿ ಇದೆ, ಅದನ್ನು ಮುಟ್ಟಿದ ಅಲೆಯನ್ನು ಇನ್ನೂ ಎತ್ತಿದರೆ ತಲೆ ಕತ್ತರಿಸಿ ಹೋಗುತ್ತದೆ. ನಮಗೆ ಕೇಳುವುದು ಗರಗರ. ಹಾಗೆ ಕತ್ತರಿಸಿದ ಅಲೆ ಸ್ಪೀಕರಿನ ಸುರುಳಿಯನ್ನು ಹೆಚ್ಚು ಕಾಯಿಸುತ್ತದೆ. ಇಂಥ ಆ್ಯಪು ಕಾಂಟ್ಯಾಕ್ಟ್, ಲೊಕೇಶನ್ ಕೇಳಿದರೆ ಕೊಡಬೇಡಿ. ಸದ್ದು ಏರಿಸಲು ಅವು ಬೇಕಿಲ್ಲ.

ಸುರುಳಿ ಕಾಯುವ ಮಾತು ಬಂತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಐಫೋನನ್ನು 0ಯಿಂದ 35 ಡಿಗ್ರಿ ಒಳಗೆ ಬಳಸಿ ಎನ್ನುತ್ತದೆ ಅದನ್ನು ಮಾಡಿದ ಆ್ಯಪಲ್ ಕಂಪನಿ. ಇಂದಿನ ಅನೇಕ ಫೋನುಗಳ ಆಂಪ್ಲಿಫೈಯರ್ ಚಿಪ್ಪು ಸ್ಪೀಕರಿನ ಮೇಲೆ ಕಣ್ಣಿಟ್ಟಿರುತ್ತದೆ. ತಾಮ್ರದ ತಂತಿ ಒಂದು ಡಿಗ್ರಿ ಕಾದರೆ ಅದರ ರೋಧ ಸುಮಾರು 0.39 ಪ್ರತಿಶತ ಹೆಚ್ಚುತ್ತದೆ. ಆ ಏರಿಕೆಯಿಂದಲೇ ಚಿಪ್ಪು ಸುರುಳಿಯ ಕಾವು ಅಳೆದು, ಸುಡುವ ಮೊದಲು ಸದ್ದು ತಗ್ಗಿಸುತ್ತದೆ. ಬೈಕಿನ ಟ್ಯಾಂಕ್ ಮೇಲೆ, ಟ್ರ್ಯಾಕ್ಟರಿನ ಬಾನೆಟ್ ಮೇಲೆ ಫೋನಿಟ್ಟು ಪೂರ್ತಿ ವಾಲ್ಯೂಮಿನಲ್ಲಿ ಹಾಡು ಹಚ್ಚಿದಾಗ ಸ್ವಲ್ಪ ಹೊತ್ತಿಗೆ ಅವಾಜ್ ಕುಗ್ಗಿದರೆ ಇದನ್ನೇ ಮೊದಲು ಅನುಮಾನಿಸಿ. ನೆರಳಿಗೆ ತಂದು ಕವರ್ ಬಿಚ್ಚಿ ಸ್ವಲ್ಪ ಹೊತ್ತು ಬಿಡಿ. ಫ್ರಿಜ್ಜಿನಲ್ಲಿ ಇಡುವವರಿದ್ದಾರೆ, ಹಾಗೆ ಮಾಡಿದರೆ ಒಳಗೆ ನೀರ ಹನಿ ಕಟ್ಟುತ್ತದೆ.

ಇನ್ನು ಧೂಳೂ ನಿಜವಾದ ಕಾರಣವೇ, ಅದರಲ್ಲಿ ಜನರ ಅನುಭವವೇ ಸರಿ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟಿನ ನುಣ್ಣನೆ ಪುಡಿ ಸ್ಪೀಕರಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ವೆಲ್ಡಿಂಗ್ ಅಂಗಡಿಯವರ ಫೋನಿಗೆ ಕಬ್ಬಿಣದ ರಜ, ಸ್ಪೀಕರಿನ ಆಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ. ಹೀಗಾದರೆ ಸದ್ದು ಏರಿಳಿಯುವುದಿಲ್ಲ, ವಾರದಿಂದ ವಾರಕ್ಕೆ ಮಂದವಾಗುತ್ತ ಹೋಗುತ್ತದೆ. ತಪ್ಪು ಇರುವುದು ಮದ್ದಿನಲ್ಲಿ. ಸೂಜಿ ಚುಚ್ಚಿದರೆ ಒಳಗಿನ ತೆಳು ಪೊರೆ ತೂತಾಗುತ್ತದೆ, ಪೆಟ್ರೋಲ್ ಹಚ್ಚಿದರೆ ಅಂಟು ಕರಗುತ್ತದೆ, ಬಾಯಿಂದ ಊದಿದರೆ ಉಗುಳಿನ ತೇವ ಸೇರುತ್ತದೆ. ಮೆತ್ತನೆ ಒಣ ಹಲ್ಲುಜ್ಜುವ ಬ್ರಶ್ ತಗೊಂಡು, ಸ್ಪೀಕರ್ ಕೆಳಮುಖ ಮಾಡಿ, ಹಗುರವಾಗಿ ಉಜ್ಜಿದರೆ ಸಾಕು. ಮಳೆಯಲ್ಲಿ ನೆನೆದ ಫೋನನ್ನು ಅಕ್ಕಿಯಲ್ಲಿ ಹೂಳುವುದೂ ಬೇಡ. ಅಕ್ಕಿಯ ಪುಡಿ ತೂತುಗಳಿಗೆ ಹೋಗುತ್ತದೆ, ಆ್ಯಪಲ್ ಕೂಡ ಅದು ಬೇಡ ಎಂದೇ ಹೇಳಿದೆ. ಗಾಳಿಯಾಡುವ ಕಡೆ ಒಣಗಲು ಬಿಟ್ಟರೆ ಆಯಿತು.

ಇಷ್ಟೆಲ್ಲ ನೋಡಿದ ಮೇಲೂ ಅವಾಜ್ ಬರದಿದ್ದರೆ ಸೆಟ್ಟಿಂಗ್ಸಿನ ಆ್ಯಕ್ಸೆಸಿಬಿಲಿಟಿಯಲ್ಲಿ ಎಡ ಬಲದ ಸದ್ದು ಹೊಂದಿಸುವ ಗೆರೆಯ ಗುರುತು ನಡುವೆ ಇದೆಯೇ ನೋಡಿ. ಮಕ್ಕಳು ಫೋನಿನಲ್ಲಿ ಆಡುವಾಗ ಅದು ಒಂದು ಬದಿಗೆ ಸರಿದಿರಬಹುದು. ಆಮೇಲೆ ಆಂಡ್ರಾಯ್ಡ್ ಫೋನನ್ನು ಸೇಫ್ ಮೋಡಿನಲ್ಲಿ ತೆರೆದು, ಫೋನಿನ ಜೊತೆ ಬಂದ ರಿಂಗ್‌ಟೋನನ್ನು ಸೆಟ್ಟಿಂಗಿನಿಂದ ಹಚ್ಚಿ. ಅಲ್ಲಿ ಸದ್ದು ಸರಿಯಿದ್ದರೆ ದೋಷ ನೀವು ಹಾಕಿಕೊಂಡ ಯಾವುದೋ ಆ್ಯಪಿನದು. ಅಲ್ಲೂ ಮಂದ ಅಥವಾ ಒಡಕಾಗಿದ್ದು, ಇಯರ್‌ಫೋನಿನಲ್ಲಿ ಮಾತ್ರ ಚೆನ್ನಾಗಿ ಕೇಳಿದರೆ, ಆಗ ಸ್ಪೀಕರ್ ನಿಜವಾಗಿಯೂ ಹೋಗಿದೆ. ಅಂಗಡಿಗೆ ಹೋಗಿ, ಈ ಎರಡು ಪರೀಕ್ಷೆ ಮಾಡಿದ್ದೇನೆ ಎಂದು ಹೇಳಿ, ಬದಲಾಯಿಸಿದ ಮೇಲೆ ಹಳೆಯ ಸ್ಪೀಕರನ್ನು ಕೈಗೆ ಇಸಿದುಕೊಳ್ಳಿ.