ಬಾಪೂಜಿ ನಗರದ ದೂರು ಎಲ್ಲಿಗೆ ಹೋಗಿ ಸೇರುತ್ತದೆ?

ಮ್ಯಾನ್‌ಹೋಲ್ ಉಕ್ಕಿ ಅಡ್ಡರಸ್ತೆಯ ತುಂಬ ಹೊಲಸು ನೀರು ಹರಿದರೆ, ಅದರ ಫೋಟೊ ಮೊದಲು ಬೀಳುವುದು ಬೀದಿಯವರ ವಾಟ್ಸ್ಆ್ಯಪ್ ಗುಂಪಿಗೆ. ಯಾರಾದರೂ ಅದನ್ನೇ ಎಕ್ಸ್‌ನಲ್ಲಿ ಹಾಕಿ, ಶಾಸಕರಿಂದ ಮುಖ್ಯಮಂತ್ರಿಯವರೆಗೆ ಎಲ್ಲರನ್ನೂ ಟ್ಯಾಗ್ ಮಾಡುತ್ತಾರೆ. ಅಲ್ಲಿಗೆ ‘ಕಂಪ್ಲೇಂಟ್ ಕೊಟ್ಟಾಯ್ತು’ ಎಂಬ ಸಮಾಧಾನ. ನಿಜಕ್ಕೂ ಕೊಟ್ಟಿರುವುದಿಲ್ಲ. ಆ ಪೋಸ್ಟ್ ನೋಡಿ ಒಬ್ಬ ಅಧಿಕಾರಿ ಕೆಲಸಗಾರರನ್ನು ಕಳಿಸಿದರೂ ಕಳಿಸಬಹುದು, ಅದು ಅವರ ಒಳ್ಳೆಯತನ. ಮುಂದಿನ ವಾರ ನೀರು ಮತ್ತೆ ಉಕ್ಕಿದಾಗ ‘ಹೋದ ಸಲ ಏನು ಮಾಡಿದಿರಿ’ ಎಂದು ಕೇಳಲು ಕೈಯಲ್ಲಿ ನೋಂದಣಿ ಸಂಖ್ಯೆ ಬೇಕು. ಸಂಖ್ಯೆ ಸಿಗದಿದ್ದರೆ ದೂರು ದಾಖಲಾಗಿಲ್ಲ ಎಂದೇ ತಿಳಿಯಿರಿ.

ಇದಕ್ಕಿಂತ ಬಲವಾಗಿ ಬೇರೂರಿದ ನಂಬಿಕೆ ಇನ್ನೊಂದಿದೆ: ಬೀದಿಯಲ್ಲಿ ಕಾಣುವುದೆಲ್ಲ ಪಾಲಿಕೆಯದ್ದು. ಬೆಂಗಳೂರಿನ ಮೈಸೂರು ರಸ್ತೆಯಿಂದ ಬಾಪೂಜಿ ನಗರದೊಳಗೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಇದು ಎಷ್ಟು ತಪ್ಪು ಎಂದು ಗೊತ್ತಾಗುತ್ತದೆ. ವೃಷಭಾವತಿ ಕಣಿವೆಯ ರಾಜಕಾಲುವೆಯ ಹೂಳು, ತಡೆಗೋಡೆ ಪಾಲಿಕೆಯ ಹೊಣೆ. ಒಳಚರಂಡಿ ಕಟ್ಟಿಕೊಂಡು ಮ್ಯಾನ್‌ಹೋಲ್ ಉಕ್ಕಿದರೆ ಅದು ಜಲಮಂಡಳಿಯದ್ದು, ಅದರ ಸಹಾಯವಾಣಿ 1916. ಬೀದಿದೀಪ ಉರಿಯದಿದ್ದರೆ ಪಾಲಿಕೆಗೆ ಹೇಳಬೇಕು. ತಂತಿ ಹರಿದು ಬಿದ್ದರೆ, ಮನೆಗೆ ಕರೆಂಟಿಲ್ಲದಿದ್ದರೆ ಬೆಸ್ಕಾಂನ 1912. ಮೆಟ್ರೊ ನಿಲ್ದಾಣದೊಳಗಿನ ಲಿಫ್ಟ್ ಕೆಟ್ಟರೆ ಬಿಎಂಆರ್‌ಸಿಎಲ್, ಬಸ್ಸು ನಿಲ್ಲಿಸದೆ ಹೋದರೆ ಬಿಎಂಟಿಸಿ, ಗಲ್ಲಿಗೆ ಅಡ್ಡಲಾಗಿ ಕಾರು ನಿಲ್ಲಿಸಿದರೆ ಸಂಚಾರ ಪೊಲೀಸರು. ಎಲ್ಲಕ್ಕಿಂತ ತಲೆನೋವಿನದು ಮರದ ಕೊಂಬೆ. ತಂತಿಗೆ ತಾಗುವ ಕೊಂಬೆಯನ್ನು ಬೆಸ್ಕಾಂನವರು ಸವರುತ್ತಾರೆ, ಆದರೆ ಮರ ಕಡಿಯಬೇಕೆಂದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ವೃಕ್ಷಾಧಿಕಾರಿಯ ಅನುಮತಿ ಬೇಕು.

ಹೀಗಾಗಿ ‘ಚರಂಡಿ ಸಮಸ್ಯೆ, ದಯವಿಟ್ಟು ಗಮನಿಸಿ’ ಎಂದು ಬರೆದ ದೂರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತದೆ. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬಂದಾಗ ನಾವು ಬೈಯುವುದುಂಟು. ಎಷ್ಟೋ ಸಲ ಆ ಹಿಂಬರಹದಲ್ಲಿ ಸುಳ್ಳಿರುವುದಿಲ್ಲ. ಮಳೆನೀರಿನ ಚರಂಡಿಯೋ, ಒಳಚರಂಡಿಯೋ? ಎಷ್ಟನೇ ಮುಖ್ಯರಸ್ತೆ, ಎಷ್ಟನೇ ಅಡ್ಡರಸ್ತೆ, ಯಾವ ಅಂಗಡಿಯ ಎದುರು? ಇಷ್ಟು ಬರೆದರೆ ದೂರಿನ ಅರ್ಧ ಅಲೆದಾಟ ತಪ್ಪುತ್ತದೆ. ಹಳೆಯ 198 ವಾರ್ಡ್‌ಗಳ ಲೆಕ್ಕದಲ್ಲಿ ಬಾಪೂಜಿ ನಗರ 134ನೆಯದು. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಪಾಲಿಕೆಯಾದ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದ ಮೇಲೆ ಆ ಸಂಖ್ಯೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಆ್ಯಪ್‌ನಲ್ಲಿ ದೂರು ಕೊಡುವುದಾದರೆ ಫೋಟೊವನ್ನು ಸ್ಥಳದಲ್ಲೇ ನಿಂತು ಹಾಕಿ. ಮನೆಗೆ ಬಂದು ಸೋಫಾದ ಮೇಲೆ ಕೂತು ಹಾಕಿದರೆ ನಕ್ಷೆಯ ಗುರುತು ನಿಮ್ಮ ಮನೆಯನ್ನೇ ತೋರಿಸೀತು, ಇಂಜಿನಿಯರ್ ಬಂದು ನಿಮ್ಮ ಗೇಟಿನ ಎದುರು ಗುಂಡಿ ಹುಡುಕಿಯಾರು.

ಆನ್‌ಲೈನ್ ದೂರು ಎಂದರೆ ಇಂಗ್ಲಿಷ್ ಬರಬೇಕು, ಸ್ಮಾರ್ಟ್‌ಫೋನ್ ಇರಬೇಕು ಎಂದು ಹಿರಿಯರು ಹಿಂಜರಿಯುತ್ತಾರೆ. ಬೇಕಿಲ್ಲ. ಪಾಲಿಕೆಯ ದೂರಿಗೆ 1533, ರಾಜ್ಯದ ಯಾವುದೇ ಇಲಾಖೆಯ ದೂರಿಗೆ ‘ಜನಸ್ಪಂದನ’ದ 1902. ಸಾಮಾನ್ಯ ಫೋನಿನಿಂದ ಕನ್ನಡದಲ್ಲೇ ಹೇಳಿದರೂ ದೂರು ಕಂಪ್ಯೂಟರಿಗೆ ಏರುತ್ತದೆ. ನೋಂದಣಿ ಸಂಖ್ಯೆ ಬರೆದುಕೊಳ್ಳಲು ಪೆನ್ನು ಹತ್ತಿರವಿರಲಿ.

‘ಇವರಿಗೆಲ್ಲ ಬರೆದು ಪ್ರಯೋಜನವಿಲ್ಲ, ನೇರ ಪ್ರಧಾನಿಗೇ ಬರೆಯುತ್ತೇನೆ’ ಎನ್ನುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಅವರ ಉತ್ಸಾಹಕ್ಕೆ ಭಂಗ ತರುವುದು ಕಷ್ಟದ ಕೆಲಸ. ಪ್ರಧಾನಿ ಕಚೇರಿಗೆ ಬರುವ ಅಹವಾಲುಗಳು ಕೇಂದ್ರದ ಸಿಪಿಗ್ರಾಮ್ಸ್ ವ್ಯವಸ್ಥೆಗೆ ಸೇರುತ್ತವೆ; ರಾಜ್ಯದ ವಿಷಯವಾದರೆ ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಇಲಾಖೆಗೆ, ಕೊನೆಗೆ ಇಲ್ಲಿನ ಸಹಾಯಕ ಇಂಜಿನಿಯರ್ ಮೇಜಿಗೇ ಬರುತ್ತವೆ. ಬಾಪೂಜಿ ನಗರದ ಗುಂಡಿ ದೆಹಲಿ ಸುತ್ತಿ ಬಾಪೂಜಿ ನಗರಕ್ಕೇ ಬಂದಂತಾಯಿತು. ಅಂಚೆ, ರೈಲ್ವೆ, ಭವಿಷ್ಯನಿಧಿಯಂಥ ಕೇಂದ್ರದ ವಿಷಯಗಳಿಗೆ ಮಾತ್ರ ಸಿಪಿಗ್ರಾಮ್ಸ್ ಸರಿಯಾದ ಬಾಗಿಲು. 2024ರ ಆಗಸ್ಟ್‌ನಲ್ಲಿ ಅಲ್ಲಿ ಇತ್ಯರ್ಥದ ಗಡುವನ್ನು 30 ದಿನದಿಂದ 21 ದಿನಕ್ಕೆ ಇಳಿಸಲಾಗಿದೆ. ನ್ಯಾಯಾಲಯದಲ್ಲಿರುವ ವಿಷಯ, ಮಾಹಿತಿ ಹಕ್ಕಿನ ಅರ್ಜಿ ಅಲ್ಲಿ ನಡೆಯುವುದಿಲ್ಲ.

ಸಕಾಲವನ್ನೂ ದೂರಿನ ಪೆಟ್ಟಿಗೆ ಎಂದುಕೊಂಡವರಿದ್ದಾರೆ. 2011ರ ಕಾಯ್ದೆಯಿಂದ ಹುಟ್ಟಿ 2012ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆಲ್ಲ ಬಂದ ಸಕಾಲ ಇರುವುದು ಸೇವೆಗೆ. ಖಾತಾ ವರ್ಗಾವಣೆ, ಜನನ ಪ್ರಮಾಣಪತ್ರ ಇತ್ಯಾದಿಗಳ ಅರ್ಜಿ ಗಡುವಿನೊಳಗೆ ಮುಗಿಯದಿದ್ದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಗುಂಡಿ ಮುಚ್ಚಿಸಲು ಅದರಿಂದಾಗದು.

ಪೊಲೀಸರ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಆನ್‌ಲೈನ್‌ನಲ್ಲಿ ದೂರು ಕಳಿಸಿದರೆ ಎಫ್‌ಐಆರ್ ಆಯಿತೆಂದು ಸುಮ್ಮನಿರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ಮೂಲಕ ಕೊಟ್ಟ ಮಾಹಿತಿಗೆ ಕೊಟ್ಟವರು ಮೂರು ದಿನದೊಳಗೆ ಸಹಿ ಹಾಕಬೇಕು. ಅದೇ ಕಲಂ ಇನ್ನೊಂದು ಅನುಕೂಲವನ್ನೂ ಕೊಟ್ಟಿದೆ: ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದರೂ ಮಾಹಿತಿ ತೆಗೆದುಕೊಳ್ಳಲೇಬೇಕು. ಇ-ಲಾಸ್ಟ್ ವರದಿ ಕಳೆದುಹೋದ ವಸ್ತುವಿಗೆ ಮಾತ್ರ, ಕಳುವಾದ ವಸ್ತುವಿಗಲ್ಲ. ಖಾತೆಯಿಂದ ಹಣ ಹಾರಿಸಿದ್ದರೆ ಮೊದಲು 1930ಕ್ಕೆ ಕರೆ ಮಾಡಿ, ಉಳಿದದ್ದೆಲ್ಲ ಆಮೇಲೆ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ಇನ್ನು ‘ಕ್ಲೋಸ್ಡ್’ ಎಂಬ ಸಂದೇಶ. ಅದು ಬಂತೆಂದರೆ ಸಮಸ್ಯೆ ಬಗೆಹರಿದಿದೆ, ಇಲ್ಲವೇ ಇನ್ನೇನೂ ಮಾಡುವಂತಿಲ್ಲ ಎಂದು ಜನ ತಿಳಿಯುತ್ತಾರೆ. ಎರಡೂ ಅಲ್ಲ. ಕೆಲಸ ಮಾಡಬೇಕಾದ ಕಚೇರಿಯೇ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆದು ಕಡತ ಮುಚ್ಚಿದೆ ಎಂಬುದಷ್ಟೇ ಅದರ ಅರ್ಥ. ದೂರು ಸಲ್ಲಿಸುವುದನ್ನು ಆ್ಯಪ್‌ಗಳು ಸುಲಭ ಮಾಡಿರುವುದು ನಿಜ. ಮುಚ್ಚುವ ಅಧಿಕಾರದಲ್ಲಿ ದೂರು ಕೊಟ್ಟವರಿಗೂ ಪಾಲಿರಬೇಕಿತ್ತು. ಅವರು ‘ಆಗಿದೆ’ ಎನ್ನದೆ ಕಡತ ಮುಚ್ಚಬಾರದೆಂಬ ನಿಯಮ ಬಂದರೆ ಹತ್ತು ಹೊಸ ಆ್ಯಪ್‌ಗಳಿಗಿಂತ ಹೆಚ್ಚು ಕೆಲಸವಾದೀತು ಎಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಇರುವ ದಾರಿ ಹಿಡಿಯಬೇಕು. ಸಿಪಿಗ್ರಾಮ್ಸ್‌ನಲ್ಲಿ ಸಮಾಧಾನವಾಗದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಇದೆ. ಉಳಿದೆಡೆ ಹಳೆಯ ಸಂಖ್ಯೆ ನಮೂದಿಸಿ, ಹೊಸ ದಿನಾಂಕದ ಫೋಟೊ ಸೇರಿಸಿ ಮತ್ತೆ ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕಿದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಗುಂಡಿ ಏಕೆ ಮುಚ್ಚಿಲ್ಲ’ ಎಂಬ ವಾದಕ್ಕೆ ಅಲ್ಲಿ ಉತ್ತರ ಸಿಗದು, ಏಕೆಂದರೆ ಕೊಡಬೇಕಾದದ್ದು ಕಚೇರಿಯಲ್ಲಿ ಇರುವ ದಾಖಲೆ ಮಾತ್ರ. ಹೀಗೆ ಕೇಳಿ: ಈ ಸಂಖ್ಯೆಯ ದೂರಿನ ಸ್ಥಳ ಪರಿಶೀಲನೆ ಯಾವ ದಿನ ಆಯಿತು, ಮಾಡಿದ ಅಧಿಕಾರಿಯ ಹುದ್ದೆ ಯಾವುದು, ಮುಚ್ಚುವ ಮುನ್ನ ತೆಗೆದ ಫೋಟೊ ಮತ್ತು ಟಿಪ್ಪಣಿ ಹಾಳೆಯ ಪ್ರತಿ ಕೊಡಿ.