ಪಾಸ್‌ಪೋರ್ಟಿನ ಠಸ್ಸೆ: ನೆನಪಿಗಷ್ಟೇ ಅಲ್ಲ, ಲೆಕ್ಕಕ್ಕೂ!

ಫ್ರಾನ್ಸಿಗೋ ಜರ್ಮನಿಗೋ ಹಿಂದೆ ಹೋಗಿಬಂದವರ ಪಾಸ್‌ಪೋರ್ಟು ಕೈಗೆ ಸಿಕ್ಕಿದರೆ ಒಮ್ಮೆ ಪುಟ ತಿರುವಿ ನೋಡಿ. ಚೌಕಟ್ಟಿನೊಳಗಿನ ಎರಡು ಪುಟ್ಟ ಠಸ್ಸೆಗಳು ಕಾಣಿಸುತ್ತವೆ. ಒಂದರ ಮೂಲೆಗಳು ಚೂಪು, ಇನ್ನೊಂದರವು ದುಂಡು. ಚೂಪು ಮೂಲೆಯದು ಒಳಬಂದದ್ದಕ್ಕೆ, ದುಂಡು ಮೂಲೆಯದು ಹೊರಹೋದದ್ದಕ್ಕೆ. ಎಡಗಡೆ ಮೇಲೆ ನಕ್ಷತ್ರಗಳ ಬಳೆಯೊಳಗೆ ದೇಶದ ಅಕ್ಷರ: ಫ್ರಾನ್ಸಿಗೆ ಎಫ್, ಜರ್ಮನಿಗೆ ಡಿ. ಬಲಗಡೆ ವಿಮಾನ, ಹಡಗು, ರೈಲು ಅಥವಾ ಕಾರಿನ ಚಿತ್ರ. ಯಾವುದರಲ್ಲಿ ಬಂದಿರೋ ಅದು. ಜೊತೆಗೊಂದು ಬಾಣ. ನಡುವೆ ತಾರೀಖು, ಕೆಳಗೆ ಗಡಿ ಠಾಣೆಯ ಹೆಸರು. ಭಾಷೆ ತಿಳಿಯದವರಿಗೂ ಅರ್ಥವಾಗುವಂತೆ ಇಷ್ಟು ಸಂಗತಿಯನ್ನು ಇಷ್ಟು ಚಿಕ್ಕ ಜಾಗದಲ್ಲಿ ತುಂಬಿದವರ ಜಾಣತನ ಮೆಚ್ಚತಕ್ಕದ್ದೇ.

ಅಂಚೆಚೀಟಿ ಕೂಡಿಡುವವರಂತೆ ಇಂಥ ಠಸ್ಸೆಗಳನ್ನು ಕೂಡಿಡುವ ಹವ್ಯಾಸಿಗಳೂ ಇದ್ದಾರೆ. ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲೇ ಪಾಸ್‌ಪೋರ್ಟು ತೋರಿಸುವವರನ್ನು ನಾನೂ ಕಂಡಿದ್ದೇನೆ. ತಪ್ಪೇನಿಲ್ಲ. ಆದರೆ ಠಸ್ಸೆಯ ಅಂದ ನೋಡುವವರಲ್ಲಿ ಅದರ ಒಕ್ಕಣೆ ಓದುವವರು ಕಡಿಮೆ. ಈಗಂತೂ ಠಸ್ಸೆಯೇ ಒಂದೊಂದು ದೇಶದಿಂದ ಮಾಯವಾಗುತ್ತಿದೆ. ಹಾಗಾಗಿ ಅದು ಇಷ್ಟು ಕಾಲ ನಮಗಾಗಿ ಮಾಡುತ್ತಿದ್ದ ಕೆಲಸವೇನೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಬಾಗಿಲು ತಟ್ಟುವ ಚೀಟಿ

ಗಡಿಯಲ್ಲಿ ತಡೆದು ಕೇಳುವುದು ನಮಗೆ ಹೊಸದಲ್ಲ. ಬೆಂಗಳೂರಿನ ಸುಂಕದಕಟ್ಟೆಯ ಹೆಸರಿನಲ್ಲೇ ಸುಂಕವಿದೆ. ರಹದಾರಿ ಎಂಬ ಮಾತೂ ಹಳೆಯದೇ. ಆದರೆ ಈಗಿನ ಪಾಸ್‌ಪೋರ್ಟು ಪುಸ್ತಕದ ರೂಪ ಮೊದಲನೆಯ ಮಹಾಯುದ್ಧದ ನಂತರದ್ದು. 1920ರಲ್ಲಿ ರಾಷ್ಟ್ರಸಂಘ ಪ್ಯಾರಿಸ್ಸಿನಲ್ಲಿ ಕರೆದ ಸಮ್ಮೇಳನ, ಎಲ್ಲ ದೇಶಗಳೂ ಒಂದೇ ಮಾದರಿಯ 32 ಪುಟಗಳ ಪುಸ್ತಕ ಕೊಡಲಿ ಎಂದು ಸಲಹೆ ಮಾಡಿತು. ಆ ಪುಟಗಳಲ್ಲಿ ಹೆಚ್ಚಿನವು ಖಾಲಿ. ವೀಸಾ ಮತ್ತು ಠಸ್ಸೆಗಳಿಗಾಗಿಯೇ ಬಿಟ್ಟವು.

ವೀಸಾ ಬೇರೆ, ಠಸ್ಸೆ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಪೇಚಿಗೆ ಸಿಕ್ಕುವವರು ಬಹಳ. ವೀಸಾ ಎಂದರೆ ಬಾಗಿಲು ತಟ್ಟಲು ಕೊಟ್ಟ ಒಪ್ಪಿಗೆ, ಅಷ್ಟೇ. ಒಳಗೆ ಬರಬಹುದೇ, ಎಷ್ಟು ದಿನ ಇರಬಹುದು ಎನ್ನುವುದನ್ನು ತೀರ್ಮಾನಿಸುವವನು ಗಡಿಯ ಕಟಕಟೆಯಲ್ಲಿ ಕುಳಿತ ಅಧಿಕಾರಿ. ಏಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ಹಿಂತಿರುಗುವ ಟಿಕೆಟ್ಟಿದೆಯೇ, ಖರ್ಚಿಗೆ ಹಣವೆಷ್ಟು ಎಂದು ಆತ ಕೇಳುವುದು ಕುತೂಹಲಕ್ಕಲ್ಲ. ವೀಸಾ ಇದ್ದೂ ವಾಪಸು ಕಳಿಸುವ ಅಧಿಕಾರ ಆತನಿಗಿದೆ.

ಅಮೆರಿಕದ ಉದಾಹರಣೆ ನೋಡಿ. ಮಗಳ ಬಾಣಂತನಕ್ಕೋ ಮೊಮ್ಮಗನ ನಾಮಕರಣಕ್ಕೋ ಹೋಗುವ ನಮ್ಮ ಕಡೆಯ ತಂದೆ ತಾಯಿಗಳಿಗೆ ಸಾಮಾನ್ಯವಾಗಿ 10 ವರ್ಷದ ಪ್ರವಾಸಿ ವೀಸಾ ಸಿಗುತ್ತದೆ. ಹಾಗೆಂದು 10 ವರ್ಷ ಅಲ್ಲಿರಬಹುದೇ? ಇಲ್ಲ! ಪ್ರತಿ ಸಲ ಇಳಿದಾಗಲೂ ಅಧಿಕಾರಿ ಒಂದು ಗಡುವು ಕೊಡುತ್ತಾನೆ, ಹೆಚ್ಚಾಗಿ ಆರು ತಿಂಗಳು. ಆ ಗಡುವಿನ ದಾಖಲೆಗೆ ಐ-94 ಎಂದು ಹೆಸರು. ಹಿಂದೆ ಅದೊಂದು ಬಿಳಿಯ ಚೀಟಿ. ಪಾಸ್‌ಪೋರ್ಟಿಗೆ ಪಿನ್ನು ಹೊಡೆದು ಕೊಡುತ್ತಿದ್ದರು. 2013ರಲ್ಲಿ ವಿಮಾನ, ಹಡಗಿನಲ್ಲಿ ಬರುವವರಿಗೆ ಆ ಚೀಟಿ ನಿಂತು ದಾಖಲೆ ಕಂಪ್ಯೂಟರಿಗೆ ಹೋಯಿತು. ಈಗ ಠಸ್ಸೆಯನ್ನೂ ಎಲ್ಲರಿಗೂ ಒತ್ತುವುದಿಲ್ಲ. ಇಳಿದ ಮೇಲೆ ಇಂಟರ್‌ನೆಟ್ಟಿನಲ್ಲಿ ಐ-94 ತೆಗೆದು ತಾರೀಖು ನೋಡಿಕೊಳ್ಳಬೇಕಾದವರು ನಾವೇ. ಗಡುವು ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದರೆ 10 ವರ್ಷ ಆ ದೇಶದ ಬಾಗಿಲು ಮುಚ್ಚಿದಂತೆ. ಮೊಮ್ಮಗ ಶಾಲೆಗೆ ಸೇರಿ ಐದನೇ ಕ್ಲಾಸು ಮುಗಿಸಿಯಾನು!

ಹಿಂದೆ ಹಿಂದೆ ಜಾರುವ ಅಳತೆಪಟ್ಟಿ

ಯೂರೋಪಿನ ಲೆಕ್ಕ ಇದಕ್ಕಿಂತ ಜಟಿಲ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯಲ್ಲಿ, ಮೊಸೆಲ್ ನದಿಯ ಮೇಲೆ ನಿಂತ ಹಡಗಿನಲ್ಲಿ ಐದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ಬೇಡವೆಂಬುದು ಅದರ ತಿರುಳು. ಆ ಐದು ಈಗ 29 ಆಗಿವೆ. ನಮ್ಮಂಥವರಿಗೆ ಇವೆಲ್ಲ ಸೇರಿ ಒಂದೇ ಮನೆ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಪ್ಯಾರಿಸ್ಸಿನಲ್ಲಿ 90, ರೋಮಿನಲ್ಲಿ ಮತ್ತೆ 90 ಎಂದು ಲೆಕ್ಕ ಹಾಕಿದರೆ ಕೆಟ್ಟಿರಿ.

"ಯಾವುದೇ 180 ದಿನ" ಎಂಬಲ್ಲೇ ಎಡವುವುದು. ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಎಂಬಂತೆ ಇದು ಗಂಟು ಕಟ್ಟಿಟ್ಟ ಅವಧಿಯಲ್ಲ. 180 ದಿನ ಉದ್ದದ ಅಳತೆಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಅದರ ಬಲತುದಿ ಸದಾ ಇವತ್ತಿನ ಮೇಲಿರುತ್ತದೆ. ದಿನ ಕಳೆದಂತೆ ಪಟ್ಟಿ ಮುಂದೆ ಜಾರುತ್ತದೆ. ಅದರ ಕೆಳಗೆ ಬಿದ್ದ ವಾಸದ ದಿನಗಳು 90 ಮೀರಬಾರದು. ಬಂದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ.

ಒಂದು ವರ್ಷದ ಬಹುಪ್ರವೇಶ ವೀಸಾ ಇರುವ ದಂಪತಿ ಏಪ್ರಿಲ್ 1ಕ್ಕೆ ಜರ್ಮನಿಯ ಮಗನ ಮನೆಗೆ ಬಂದು ಜೂನ್ 29ಕ್ಕೆ ಹೊರಟರೆನ್ನಿ. 30, 31, 29: ಸರಿಯಾಗಿ 90. ಮತ್ತೆ ಯಾವಾಗ ಬರಬಹುದು? ಏಪ್ರಿಲ್ 1 ಪಟ್ಟಿಯಿಂದ ಆಚೆ ಬೀಳುವುದು ಸೆಪ್ಟೆಂಬರ್ 28ರಂದು. ಅಂದು ಒಂದು ದಿನ ತೆರವು. ಮರುದಿನ ಏಪ್ರಿಲ್ 2 ಬೀಳುತ್ತದೆ, ಇನ್ನೊಂದು ದಿನ ತೆರವು. ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ತಟ್ಟನೆ ಹಿಡಿಯುತ್ತಾರೆ, ದೊಡ್ಡವರಿಗೇ ಕಷ್ಟ. ವೀಸಾ ಚೀಟಿಯಲ್ಲಿ ನಮೂದಾಗುವ ದಿನಗಳ ಸಂಖ್ಯೆ ಇನ್ನೂ ಕಡಿಮೆ ಇರುವುದುಂಟು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂದು 40 ದಿನದ ಅವಧಿ ಕೊಟ್ಟು, ಪಕ್ಕದಲ್ಲೇ ವಾಸ 25 ದಿನ ಎಂದು ಬರೆದಿದ್ದರೆ, 25 ಅಷ್ಟೇ ನಿಮ್ಮದು.

ಈ ಲೆಕ್ಕಕ್ಕೆಲ್ಲ ಆಧಾರ ಠಸ್ಸೆಯಾಗಿತ್ತು. ಒಳಬಂದ ಠಸ್ಸೆಯೇ ಇಲ್ಲದಿದ್ದರೆ ನೀವು ಗಡುವು ಮೀರಿದ್ದೀರೆಂದು ಅಧಿಕಾರಿ ಭಾವಿಸಬಹುದಿತ್ತು. ಹಾಗಲ್ಲವೆಂದು ಟಿಕೆಟ್ಟು ಮುಂತಾದವನ್ನು ಕೊಟ್ಟು ತೋರಿಸುವ ಹೊಣೆ ಪ್ರಯಾಣಿಕನದು.

ಮಸಿ ಆರಿತು

2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು ಹಂತ ಹಂತವಾಗಿ ಹೊಸ ಪದ್ಧತಿ ತಂದವು. ಅದನ್ನು ಪೂರ್ತಿ ಜಾರಿಗೊಳಿಸಲು ಗೊತ್ತುಮಾಡಿದ ದಿನ 2026ರ ಏಪ್ರಿಲ್ 10. ಅದರಂತೆ ಠಸ್ಸೆಯ ಬದಲು ಮುಖದ ಚಿತ್ರ, ನಾಲ್ಕು ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ದಿನದ ಲೆಕ್ಕ ಯಂತ್ರದ್ದು. ಹಾಂಗ್‌ಕಾಂಗ್ 2013ರಲ್ಲೇ ಠಸ್ಸೆ ಬಿಟ್ಟು ಸಣ್ಣ ಚೀಟಿ ಕೊಡತೊಡಗಿತು. ಸಿಂಗಪುರ 2022ರಲ್ಲಿ ಬಿಟ್ಟಿತು. ಆಸ್ಟ್ರೇಲಿಯದಲ್ಲೂ ವಾಡಿಕೆ ತಪ್ಪಿದೆ. ಇಂಗ್ಲೆಂಡಿನಲ್ಲಿ ಹೊರಡುವಾಗ ಠಸ್ಸೆ ಒತ್ತುವ ಪದ್ಧತಿಯೇ ಇಲ್ಲ.

ಸರತಿ ಸಾಲು ಕರಗುತ್ತದೆ, ಮೋಸ ಕಡಿಮೆಯಾಗುತ್ತದೆ, ಒಪ್ಪೋಣ. ಆದರೆ ಒಂದು ಪ್ರಶ್ನೆ. ಠಸ್ಸೆ ಇದ್ದಾಗ ದಾಖಲೆಯ ಒಂದು ಪ್ರತಿ ಸರ್ಕಾರದ ಬಳಿ, ಒಂದು ನಮ್ಮ ಜೇಬಿನಲ್ಲಿ. ಈಗ ಎರಡೂ ಅವರ ಬಳಿಯೇ! ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರಿಗೆ ಇದು ಬರೀ ತತ್ವದ ಮಾತಲ್ಲ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರು ನಿವಾಸಿಗಳು. ಬೇರೆ ಷರತ್ತುಗಳೂ ಇವೆಯೆನ್ನಿ. ಎಷ್ಟು ದಿನ ಇಲ್ಲಿದ್ದಿರಿ ಎಂದು ಕೇಳಿದಾಗ ಪಾಸ್‌ಪೋರ್ಟಿನ ಪುಟ ತೋರಿಸಿದರೆ ಮುಗಿಯುತ್ತಿತ್ತು.

ಬೋರ್ಡಿಂಗ್ ಪಾಸು ಇದೆಯಲ್ಲ ಎನ್ನುವಿರಾ? ಅದರಲ್ಲೊಂದು ರಸಾಯನಶಾಸ್ತ್ರದ ತೊಡಕಿದೆ. ಬಹುಪಾಲು ಬೋರ್ಡಿಂಗ್ ಪಾಸುಗಳಲ್ಲಿ ಮಸಿಯೇ ಇರುವುದಿಲ್ಲ. ಕಾಗದಕ್ಕೆ ಬಣ್ಣವಿಲ್ಲದ ರಂಜಕವನ್ನೂ ಆಮ್ಲೀಯ ವಸ್ತುವನ್ನೂ ಲೇಪಿಸಿರುತ್ತಾರೆ. ಯಂತ್ರದ ಶಾಖ ತಗುಲಿದಲ್ಲಿ ಎರಡೂ ಬೆರೆತು ಕಪ್ಪಾಗುತ್ತವೆ. ಬಿಸಿಲು, ಶಾಖ, ಎಣ್ಣೆಯ ಕೈ ತಾಗುತ್ತಿದ್ದರೆ ಅಕ್ಷರ ಮಾಸಿ, ಕೆಲವು ವರ್ಷಗಳಲ್ಲಿ ಖಾಲಿ ಕಾಗದ ಉಳಿಯುತ್ತದೆ. ಊರು ಮುಟ್ಟಿದ ದಿನವೇ ಅದರ ಜೆರಾಕ್ಸ್ ತೆಗೆಸಿಡಿ.

ನಮ್ಮ ದೇಶದ ಬಾಗಿಲಲ್ಲೂ ಒಂದು ತಪಾಸಣೆಯಿದೆ. 1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ಅನುಮತಿ ಬೇಕು. ಮೋಸಗಾರ ಏಜೆಂಟರಿಂದ ರಕ್ಷಿಸುವ ಉದ್ದೇಶ ಅದಕ್ಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಇಂಥದೊಂದು ಉಪಯೋಗವೂ ಇದೆಯೆಂದು ಹೇಳಿದಾಗ ಕೊನೆಯ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ.

ಒತ್ತಿದರೆ ಒಪ್ಪಿದಂತೆ

ಠಸ್ಸೆಯ ಇನ್ನೊಂದು ಮುಖ ರಾಜಕೀಯದ್ದು. ಇಸ್ರೇಲಿನ ಠಸ್ಸೆ ಕಂಡರೆ ಕೆಲವು ದೇಶಗಳು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಇಸ್ರೇಲ್ ಬೇರೆ ಚೀಟಿ ಕೊಡುತ್ತದೆ. ಆದರೂ ಅದರ ಗಡಿಗೆ ಅಂಟಿದ ಈಜಿಪ್ಟಿನ ತಾಬಾ ಠಾಣೆಯ ಠಸ್ಸೆ ಇದ್ದರೆ ಗುಟ್ಟು ರಟ್ಟು!

ಚೀನಾದ್ದು ಇನ್ನೊಂದು ಬಗೆ. ಅರುಣಾಚಲ ಪ್ರದೇಶದವರಿಗೆ ಅದು ವೀಸಾವನ್ನು ಪುಟಕ್ಕೆ ಅಂಟಿಸದೆ, ಬೇರೆ ಕಾಗದದಲ್ಲಿ ಕೊಟ್ಟು ಪಿನ್ನು ಹೊಡೆದದ್ದಿದೆ. ಪುಟಕ್ಕೆ ಅಂಟಿಸಿದರೆ ಅದು ಭಾರತದ ಭಾಗವೆಂದು ಒಪ್ಪಿದಂತಾದೀತಲ್ಲ! 2023ರ ಜುಲೈಯಲ್ಲಿ ಚೆಂಗ್ಡುವಿನ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೊರಟಿದ್ದ ಅಲ್ಲಿನ ಮೂವರು ವುಶು ಆಟಗಾರರಿಗೆ ಇಂಥ ವೀಸಾ ಬಂತು. ಭಾರತ ವುಶು ತಂಡವನ್ನೇ ತಡೆಹಿಡಿಯಿತು. ವರ್ಷಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳು ಒಂದು ಸ್ಟೇಪ್ಲರ್ ಪಿನ್ನಿನಿಂದಾಗಿ ಮನೆಯಲ್ಲುಳಿದರು. ಇತ್ತ 2012ರಲ್ಲಿ ಚೀನಾ ತನ್ನ ಪಾಸ್‌ಪೋರ್ಟಿನಲ್ಲಿ ಅರುಣಾಚಲವನ್ನೂ ದಕ್ಷಿಣ ಚೀನಾ ಸಮುದ್ರವನ್ನೂ ಸೇರಿಸಿ ನಕ್ಷೆ ಅಚ್ಚು ಹಾಕಿಸಿದಾಗ, ವಿಯೆಟ್ನಾಮ್ ಆ ಪುಸ್ತಕಕ್ಕೆ ಠಸ್ಸೆ ಒತ್ತದೆ ಬೇರೆ ಹಾಳೆಗೆ ಒತ್ತಿತು. ಭಾರತ ತನ್ನ ನಕ್ಷೆಯಿರುವ ವೀಸಾ ಕೊಟ್ಟಿತು.

ಹವ್ಯಾಸಕ್ಕೆ ಬೇರೆ ಪುಸ್ತಕ

ಕೂಡಿಡುವ ಹುಚ್ಚಿನವರಿಗೆ ಪ್ರವಾಸಿ ತಾಣಗಳಲ್ಲಿ ನೆನಪಿನ ಠಸ್ಸೆಗಳೂ ಸಿಗುತ್ತವೆ. ಪೆರುವಿನ ಮಾಚು ಪಿಚುವಿನಲ್ಲಿದೆ. ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶಕ್ಕೆ ಸ್ವಿಟ್ಸರ್‌ಲೆಂಡಿನಿಂದ ಹೋದರೆ ತಡೆಯುವವರೇ ಇಲ್ಲ. ಠಸ್ಸೆ ಬೇಕೆಂದವರು ವಾಡುಜ್ ಪಟ್ಟಣದ ಪ್ರವಾಸಿ ಕಚೇರಿಯಲ್ಲಿ ಶುಲ್ಕ ತೆತ್ತು ಒತ್ತಿಸಿಕೊಳ್ಳುತ್ತಾರೆ. ಇವನ್ನು ಪಾಸ್‌ಪೋರ್ಟಿನೊಳಗೆ ಮಾತ್ರ ಒತ್ತಿಸಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಆ ಪುಸ್ತಕ ಕೇಂದ್ರ ಸರ್ಕಾರದ ಸ್ವತ್ತು, ನಮ್ಮದಲ್ಲ. ಗೊತ್ತಿಲ್ಲದ ಠಸ್ಸೆ ಕಂಡು, ಪುಸ್ತಕ ಕೆಟ್ಟಿದೆಯೆಂದು ಗಡಿಯ ಅಧಿಕಾರಿ ತಕರಾರು ತೆಗೆದರೆ ಪರದೇಶದಲ್ಲಿ ಕೇಳುವವರಾರು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಇದಕ್ಕೆಂದೇ ನೂರು ಪುಟದ ಗೆರೆಯಿಲ್ಲದ ನೋಟ್‌ಬುಕ್ಕು ಇಟ್ಟಿದ್ದಾನೆ. ಮುಂದಿನ ಪುಟಗಳಲ್ಲಿ ಬಗೆಬಗೆಯ ನೆನಪಿನ ಠಸ್ಸೆಗಳು. ಹಿಂದಿನಿಂದ ತೆರೆದರೆ ಅಡ್ಡಗೆರೆ ಎಳೆದ ಕೋಷ್ಟಕ: ದೇಶ, ಬಂದ ದಿನ, ಹೊರಟ ದಿನ, ಒಟ್ಟು ದಿನ, ವಿಮಾನದ ಸಂಖ್ಯೆ.