ಪಾಸ್‌ಪೋರ್ಟ್‌ಗೆ ಎಷ್ಟೊತ್ತು ಹಿಡೀತು?

ರಾಮನ ದಾರಿ ಕಾದ ಶಬರಿಯ ಹೆಸರಿನ ಕೊಳ್ಳ ಬೆಳಗಾವಿ ಜಿಲ್ಲೆಯ ಸುರೇಬಾನದ ಬಗಲಿಗೇ ಇದೆ. ಕಾಯುವುದು ಈ ಊರಿಗೆ ಹೊಸದೇನಲ್ಲ. ಇಲ್ಲಿಯ ಹುಡುಗನೊಬ್ಬನಿಗೆ ದುಬೈಯಲ್ಲಿ ಕೆಲಸ ಗೊತ್ತಾಯಿತೆನ್ನಿ. ಆನ್‌ಲೈನಿನಲ್ಲಿ 1,500 ರೂಪಾಯಿ ತುಂಬಿ, ಅಪಾಯಿಂಟ್‌ಮೆಂಟ್ ಹಿಡಿದು, ನಸುಕಿನಲ್ಲೇ ಹುಬ್ಬಳ್ಳಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಬಸ್ಸು ಹತ್ತುತ್ತಾನೆ. ಸಂಜೆ ಮರಳಿದಾಗ ಕಟ್ಟೆಯ ಮೇಲಿನವರು ಕೇಳುವುದು ಒಂದೇ: ‘ಎಷ್ಟೊತ್ತು ಹಿಡೀತೋ ತಮ್ಮಾ?’ ಕೇಂದ್ರದ ಲೆಕ್ಕದಲ್ಲಿ ಒಂದು ತಾಸು. ಅವನ ಲೆಕ್ಕದಲ್ಲಿ ಒಂದು ದಿನದ ಪಗಾರ. ಎರಡೂ ಖರೆ.

ಕೇಂದ್ರದ ಲೆಕ್ಕ ಮೊದಲು ನೋಡೋಣ. ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಯೋಜನೆ ಪ್ರಯೋಗಕ್ಕಿಳಿದದ್ದು 2010ರಲ್ಲಿ, ಬೆಂಗಳೂರು ಮತ್ತು ಚಂಡೀಗಢದಲ್ಲಿ. 2012ರ ಹೊತ್ತಿಗೆ ದೇಶದಲ್ಲಿ 77 ಕೇಂದ್ರಗಳಾದವು. ಒಳಗೆ ಹೋದವನ ಕೈಗೆ ಮೊದಲು ಟೋಕನ್. ‘ಎ’ ಕೌಂಟರಿನಲ್ಲಿ ಟಿಸಿಎಸ್ ಕಂಪನಿಯ ಸಿಬ್ಬಂದಿ ಕಾಗದ ಸ್ಕ್ಯಾನ್ ಮಾಡಿ, ಹತ್ತೂ ಬೆರಳಿನ ಗುರುತು ಪಡೆದು, ಫೋಟೊ ತೆಗೆಯುತ್ತಾರೆ. ‘ಬಿ’ಯಲ್ಲಿ ಸರಕಾರಿ ನೌಕರರು ಮೂಲ ದಾಖಲೆ ತಾಳೆ ನೋಡುತ್ತಾರೆ. ‘ಸಿ’ಯಲ್ಲಿ ಅಧಿಕಾರಿಯ ತೀರ್ಮಾನ. ಟೋಕನ್ ಕರೆಯುವುದು ಕಂಪ್ಯೂಟರ್ ಆದ್ದರಿಂದ ಯಾವ ಕೌಂಟರಿನಲ್ಲಿ ಎಷ್ಟು ನಿಮಿಷವಾಯಿತೆಂಬುದು ತಾನಾಗಿ ದಾಖಲಾಗುತ್ತದೆ. ಕಂಪನಿಗೆ ಹಣ ಸಲ್ಲುವುದು ಅರ್ಜಿಯೊಂದಕ್ಕೆ ಇಷ್ಟೆಂದು. ಸೇವೆಯ ಮಟ್ಟ ತಗ್ಗಿದರೆ ದಂಡವೂ ಉಂಟು.

ಆಮೇಲೆ ಫೈಲು ಪೊಲೀಸ್ ಠಾಣೆಗೆ. ಇಲ್ಲಿ ಗಡುವು 21 ದಿನ. ಅಷ್ಟರೊಳಗೆ ವರದಿ ಕೊಟ್ಟರೆ ಪೊಲೀಸ್ ಇಲಾಖೆಗೆ ಅರ್ಜಿಯೊಂದಕ್ಕೆ 150 ರೂಪಾಯಿ, ತಡವಾದರೆ 50. ವಿಳಂಬಕ್ಕೂ ಹೀಗೆ ಒಂದು ಬೆಲೆ ಕಟ್ಟಿದ್ದಾರೆ.

ದೂರವನ್ನೂ ಅಳೆಯಬೇಕೆಂಬ ವಿಚಾರ ಬಂದದ್ದು ತುಸು ತಡವಾಗಿ. 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದದಲ್ಲಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಕೇಂದ್ರ ತೆರೆದರು. ಯಾರೂ 50 ಕಿ.ಮೀ.ಗಿಂತ ಹೆಚ್ಚು ಅಲೆಯಬಾರದೆಂಬುದು ಸರಕಾರ ಹೇಳಿಕೊಂಡ ಗುರಿ. ಬೆಳಗಾವಿಗೂ ಅಂಥ ಅಂಚೆ ಕೇಂದ್ರ ಬಂತು. ಆದರೆ ಸುರೇಬಾನಕ್ಕೆ ಬೆಳಗಾವಿಯಾಗಲಿ ಹುಬ್ಬಳ್ಳಿಯಾಗಲಿ 50 ಕಿ.ಮೀ.ಯೊಳಗಿಲ್ಲ.

ಇನ್ನು ಯಾವ ಗಡಿಯಾರಕ್ಕೂ ಸಿಗದ ಒಂದು ಸಂಗತಿಯಿದೆ. ನಮ್ಮ ಕಡೆ ಹೆಸರೆಂದರೆ ತನ್ನದು, ತಂದೆಯದು, ಮೇಲೊಂದು ಅಡ್ಡಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೂರೂ ಇದ್ದು, ಆಧಾರ್‌ನಲ್ಲಿ ಎರಡೇ ಇದ್ದರೆ ‘ಬಿ’ ಕೌಂಟರಿನಲ್ಲಿ ಕೆಲಸ ನಿಲ್ಲುತ್ತದೆ. ‘ತಿದ್ದಿಸಿಕೊಂಡು ಬನ್ನಿ’ ಎನ್ನಲು ಐದು ನಿಮಿಷ ಸಾಕು. ನಿಮಿಷಗಳ ಪಟ್ಟಿಯಲ್ಲಿ ಅದು ಚುರುಕಾದ ಕೆಲಸವೇ. ಸುರೇಬಾನದ ಹುಡುಗನಿಗೋ ಇನ್ನೊಂದು ನಸುಕು, ಇನ್ನೊಂದು ಟಿಕೆಟ್ಟು, ಇನ್ನೊಂದು ಪಗಾರ.

ಹಾಗಾಗಿ ಕೇಂದ್ರದೊಳಗೆ ಕಳೆದ ನಿಮಿಷಗಳ ಜೊತೆಗೆ ಇನ್ನೊಂದು ಅಂಕಿಯನ್ನೂ ಬರೆದಿಡಬೇಕು: ಒಂದೇ ಸಲಕ್ಕೆ ಕೆಲಸ ಮುಗಿದು ಮನೆಗೆ ಹೋದವರೆಷ್ಟು? ಆ ಲೆಕ್ಕ ಬರುವತನಕ ನಮ್ಮ ಕೈಲಿರುವ ಉಪಾಯ ಸಣ್ಣದು. ಹೊರಡುವ ಹಿಂದಿನ ರಾತ್ರಿ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿ, ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡುವುದು.